ಅವಲಂಬಿತರ ಸಾಲು

ಮಾರ್ಚ್ ೪

ತೆರಿಗೆ ಪ್ರಶ್ನೆಗಳಿಗೆ ಉತ್ತರ ಕೊಡುವವರಿಗೆ,

ನಮಸ್ಕಾರ. ಒಂದು ಇಮೇಲಿಗೆ ಒಂದೇ ಪ್ರಶ್ನೆ, ಶುಲ್ಕ ಮೊದಲೇ ಕಟ್ಟಬೇಕು ಎಂದು ನಿಮ್ಮ ಪುಟದಲ್ಲಿ ಹಾಕಿದ್ದೀರಿ. ಕಟ್ಟಿದ್ದೇನೆ. ‘ಸಂಕ್ಷಿಪ್ತವಾಗಿ ಬರೆಯಿರಿ’ ಎಂದೂ ಹಾಕಿದ್ದೀರಿ. ಅದೊಂದು ನನ್ನ ಕೈಲಾಗದ ಕೆಲಸ, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ವಿಗ್ ಮಾಡುವವಳು. ನಾಟಕದವರಿಗೂ ಮಾಡುತ್ತೇನೆ, ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡ ಹೆಂಗಸರಿಗೂ ಮಾಡುತ್ತೇನೆ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ, ಬೀದಿ ಕಡೆಯ ಕಿಟಕಿ ಪಕ್ಕ ನನ್ನ ಮೇಜು. ಮರದ ತಲೆಗೆ ಬಲೆಯ ಟೋಪಿ ತೊಡಿಸಿ, ಸಣ್ಣ ಕೊಕ್ಕೆಯಲ್ಲಿ ಒಂದೊಂದೇ ಕೂದಲು ಎಳೆದು ಗಂಟು ಹಾಕಬೇಕು. ಒಂದು ವಿಗ್ ಮುಗಿಯುವಷ್ಟರಲ್ಲಿ ಕತ್ತು ಕಲ್ಲಾಗಿರುತ್ತದೆ. ಗಂಡನ ಮನೆ ಬಿಟ್ಟು ಬಂದ ಮೇಲೆ ಕಲಿತ ವಿದ್ಯೆ. ಹದಿನೈದು ವರ್ಷವಾಯಿತು, ಯಾರ ಮುಂದೂ ಕೈ ಚಾಚಿಲ್ಲ.

ಕಳೆದ ತಿಂಗಳು ದೊಡ್ಡಾಸ್ಪತ್ರೆಯವರು ಕರೆಸಿದರು. ಅವರಲ್ಲಿಗೆ ಬರುವ ಹೆಂಗಸರಿಗೆಲ್ಲ ನಾನೇ ವಿಗ್ ಮಾಡಿಕೊಡಬೇಕಂತೆ, ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾರಂತೆ. ನನ್ನ ಹೆಸರಿನ ತೆರಿಗೆ ಪ್ರಮಾಣಪತ್ರ ಒಂದು ಏಪ್ರಿಲ್ ಮುಗಿಯುವುದರೊಳಗೆ ತಂದುಕೊಡಿ ಎಂದರು. ಕುಣಿದುಕೊಂಡು ತೆರಿಗೆ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ನನ್ನ ನಂಬರು ಒತ್ತಿ ನೋಡಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, “ಮೇಡಂ, ನಿಮಗೆ ಆದಾಯಾನೇ ಇಲ್ವಲ್ಲ! ಅಣ್ಣನ ಅವಲಂಬಿತರು ಅಂತ ಇದೆ” ಎಂದಳು. ನನ್ನ ಹಿಂದೆ ನಿಂತಿದ್ದ ಮನುಷ್ಯ “ಪಾಪ” ಎಂದ.

ಆ ‘ಪಾಪ’ ಇನ್ನೂ ಕಿವಿಯಲ್ಲಿದೆ. ಅವನ ಕೈಗೆ ನನ್ನ ಕೊಕ್ಕೆ ಕೊಟ್ಟು ಒಂದು ದಿನ ಕೂರಿಸಬೇಕಿತ್ತು.

ನನ್ನ ಪ್ರಶ್ನೆ ಇಷ್ಟೇ. ನಾನು ಯಾರ ಅವಲಂಬಿತೆಯೂ ಅಲ್ಲ ಎಂದು ಬರೆಸಿ, ನನ್ನ ತೆರಿಗೆ ನಾನೇ ಕಟ್ಟುವುದು ಹೇಗೆ? ಊರೆಲ್ಲ ತೆರಿಗೆ ತಪ್ಪಿಸುವ ದಾರಿ ಕೇಳಿಕೊಂಡು ನಿಮಗೆ ಬರೆಯುತ್ತಿರಬಹುದು. ನಾನು ಕಟ್ಟುವ ದಾರಿ ಕೇಳುತ್ತಿದ್ದೇನೆ. ಸಿಗುತ್ತದೆಯೇ?

ಇಂತಿ,
ವಿಗ್ ಮಾಡುವವಳು

ಮರೆತಿದ್ದೆ: ಇದು ಅಣ್ಣನ ಫೋಟೋ ಸ್ಟುಡಿಯೋದ ಇಮೇಲ್. ಮನೆಯಲ್ಲಿ ಇರುವುದು ಇದೊಂದೇ. ಇಲ್ಲಿಗೇ ಉತ್ತರ ಕಳಿಸಿ. ಇದಕ್ಕೆ ಬಂದದ್ದನ್ನು ಯಾರೂ ನೋಡುವುದಿಲ್ಲ, ಏಕೆಂದರೆ ಇತ್ತೀಚೆಗೆ ಇದಕ್ಕೆ ಏನೂ ಬರುವುದೇ ಇಲ್ಲ.


ಮಾರ್ಚ್ ೬

ಮಾನ್ಯರೇ,

ತಮ್ಮ ಪ್ರಶ್ನೆ ತಲುಪಿದೆ. ಉತ್ತರ ಹೀಗಿದೆ.

ಆದಾಯವನ್ನು ಯಾರು ಗಳಿಸಿದರೋ ಅವರೇ ತಮ್ಮ ಹೆಸರಿನಲ್ಲಿ ತೋರಿಸಬೇಕು. ತಾವು ಈ ವರ್ಷದ ರಿಟರ್ನ್ ಜೊತೆಗೆ, ಕಾನೂನು ಅವಕಾಶ ಕೊಡುವಷ್ಟು ಹಿಂದಿನ ವರ್ಷಗಳ ರಿಟರ್ನನ್ನೂ ಸಲ್ಲಿಸಬೇಕಾಗುತ್ತದೆ. ಬಾಕಿ ತೆರಿಗೆಯನ್ನು ಬಡ್ಡಿಸಮೇತ ಕಟ್ಟಬೇಕಾಗುತ್ತದೆ. ಇಲಾಖೆ ನೋಟಿಸು ಕಳಿಸುವ ಮೊದಲೇ ತಾವಾಗಿ ಮುಂದೆ ಬಂದರೆ ದಂಡ ಕಡಿಮೆ.

ತಮ್ಮ ಅಣ್ಣನವರೂ ತಮ್ಮ ರಿಟರ್ನುಗಳನ್ನು ತಿದ್ದಬೇಕು, ಕೇಳಿದರೆ ವಿವರಣೆ ಕೊಡಬೇಕು.

ಇಷ್ಟು ವರ್ಷ ತಮ್ಮ ಗಳಿಕೆಯನ್ನು ಎಲ್ಲಿ ತೋರಿಸಲಾಗಿದೆ ಎಂಬುದನ್ನು ತಿಳಿಸಿದರೆ ಮುಂದಿನ ಕ್ರಮ ಹೇಳಬಹುದು. ಕತ್ತು ನೋವು ಮುಂತಾದ ವೈಯಕ್ತಿಕ ವಿವರಗಳ ಅಗತ್ಯವಿಲ್ಲ.

ವಿಶ್ವಾಸಿ,
ಮೇಜು ನಾಲ್ಕು


ಮಾರ್ಚ್ ೭

ಮೇಜು ನಾಲ್ಕು ಅವರೇ,

ಮೇಜು ಉತ್ತರ ಕೊಡುವುದನ್ನು ಇದೇ ಮೊದಲು ಕಂಡೆ. ಇರಲಿ, ಮನುಷ್ಯರಿಗಿಂತ ನೀವೇ ವಾಸಿ. ಕೇಳಿದ್ದಕ್ಕೆ ನೆಟ್ಟಗೆ ಹೇಳಿದ್ದೀರಿ.

ನನ್ನ ಗಳಿಕೆ ಎಲ್ಲಿ ಹೋಯಿತು ಎಂದು ಕೇಳಿದಿರಿ. ಪ್ರತಿ ವರ್ಷ ಅಣ್ಣ ಬಾಗಿಲಲ್ಲಿ ನಿಂತು, “ಪುಟ್ಟಿ, ನಿನ್ನ ರಸೀದಿಗಳನ್ನೆಲ್ಲ ಕೊಡು, ನೀನು ತಲೆ ಕೆಡಿಸ್ಕೋಬೇಡ, ನಾನು ನೋಡ್ಕೋತೀನಿ” ಎನ್ನುತ್ತಾನೆ. ನಲವತ್ತೆಂಟು ದಾಟಿದರೂ ನಾನು ಅವನಿಗೆ ಪುಟ್ಟಿಯೇ. ಕೊಟ್ಟುಬಿಡುತ್ತಿದ್ದೆ. ನನ್ನ ಹೆಸರಲ್ಲಿ ಏನೋ ಕಟ್ಟುತ್ತಿದ್ದಾನೆ ಎಂದುಕೊಂಡಿದ್ದೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದೆ. “ಸ್ಟುಡಿಯೋ ಆದಾಯಕ್ಕೆ ಸೇರಿಸ್ತೀನಿ ಕಣೇ. ಒಂದೇ ಮನೆ ದುಡ್ಡು ತಾನೆ?” ಎಂದು ಅನ್ನ ಕಲಸಿಕೊಂಡ. ನನಗೆ ಪಿತ್ತ ನೆತ್ತಿಗೇರಿತು.

ಬಾಕಿ ಕಟ್ಟುತ್ತೇನೆ. ಬಡ್ಡಿಯೂ ಕಟ್ಟುತ್ತೇನೆ. ಅದಕ್ಕೆಲ್ಲ ಹೆದರುವ ಹೆಣ್ಣಲ್ಲ ನಾನು. ಆದರೆ ಅಣ್ಣನ ಒಂದು ಕೂದಲೂ ಕೊಂಕದ ಹಾಗೆ ಇದನ್ನು ಮಾಡಲು ಬರುತ್ತದೆಯೇ? ಸಿಟ್ಟು ಬಂದಿದೆ, ನಿಜ. ಅಣ್ಣನೂ ನಿಜ. ಇದು ಎರಡನೆಯ ಪ್ರಶ್ನೆ, ಶುಲ್ಕ ಬೇರೆ ಕಟ್ಟಿದ್ದೇನೆ.

ಕತ್ತು ನೋವಿನ ಬಗ್ಗೆ ಇನ್ನು ಬರೆಯುವುದಿಲ್ಲ. ಇವತ್ತು ಭುಜ ನೋಯುತ್ತಿದೆ.

ಇಂತಿ,
ವಿಗ್ ಮಾಡುವವಳು


ಮಾರ್ಚ್ ೧೧

ಮೇಜು ನಾಲ್ಕು ಎಂದು ಸಹಿ ಮಾಡುವವರಿಗೆ,

ನಾನು ಸ್ಟುಡಿಯೋ ಮಾಲೀಕ. ನೀವು ಯಾವ ವಿಳಾಸಕ್ಕೆ ಬರೆಯುತ್ತಿದ್ದೀರೋ ಆ ವಿಳಾಸ ನನ್ನದು. ಬಹಳ ದಿನದ ಮೇಲೆ ಪತ್ರ ಬಂದಿದೆ, ಯಾರದ್ದೋ ಮದುವೆಯ ಫೋಟೋ ಆರ್ಡರ್ ಇರಬೇಕು ಎಂದು ತೆರೆದೆ. ನನ್ನ ಮೇಲಿನ ದೂರು ಓದಿದೆ.

ನನ್ನ ತಂಗಿಗೆ ಲೋಕ ವ್ಯವಹಾರ ತಿಳಿಯದು. ಅವಳು ಕೇಳಿದ್ದನ್ನೆಲ್ಲ ದಯವಿಟ್ಟು ಮರೆತುಬಿಡಿ. ನಿಮ್ಮ ಶುಲ್ಕದ ಎರಡರಷ್ಟು ಕಳಿಸಿದ್ದೇನೆ, ಫೈಲು ಮುಚ್ಚಿ.

ನೀವು ನನ್ನನ್ನು ಕಳ್ಳ ಎಂದುಕೊಂಡಿರಬಹುದು, ಅದಕ್ಕೆ ಇದನ್ನೂ ಹೇಳುತ್ತೇನೆ. ಇವಳು ಒಂದು ಪೆಟ್ಟಿಗೆ ಹಿಡಿದುಕೊಂಡು ಗಂಡನ ಮನೆಯಿಂದ ಬಂದ ದಿನ ನೆಂಟರೆಲ್ಲ ನಮ್ಮ ಮನೆಯಲ್ಲೇ ಕೂತಿದ್ದರು. ವಾಪಸ್ ಕಳಿಸು, ಬುದ್ಧಿ ಹೇಳು, ನಾಳೆ ನಿನ್ನ ತಲೆ ಮೇಲೆ ಕೂರುತ್ತಾಳೆ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. “ಇವಳು ಎಲ್ಲಿಗೂ ಹೋಗಲ್ಲ. ಇವಳು ನನ್ನ ಜವಾಬ್ದಾರಿ. ಬೇಕಾದ್ರೆ ಬರೆದು ಕೊಡ್ತೀನಿ” ಎಂದೆ ನಾನು. ಆ ವರ್ಷವೇ ಬರೆದೂ ಕೊಟ್ಟೆ, ಅವಲಂಬಿತರ ಸಾಲಿನಲ್ಲಿ. ಲೆಕ್ಕ ಬರೆಯುವವರು ಫಾರಂ ತುಂಬಿಸುತ್ತಾರೆ, ನಾನು ಸಹಿ ಹಾಕುತ್ತೇನೆ. ಪ್ರತಿ ವರ್ಷ ಆ ಸಾಲನ್ನು ನೋಡಿದಾಗ ಎದೆ ಉಬ್ಬುತ್ತಿತ್ತು.

ಅದನ್ನು ಇವಳು ಅವಮಾನ ಎನ್ನುತ್ತಾಳೆ. ಎನ್ನಲಿ. ಅಳಿಸಲು ಮಾತ್ರ ನಾನು ಬಿಡುವುದಿಲ್ಲ.

ಇತಿ,
ಸ್ಟುಡಿಯೋ ಮಾಲೀಕ


ಮಾರ್ಚ್ ೧೨

ಮಾನ್ಯರೇ,

ಪ್ರಶ್ನೆ ಕೇಳಿದವರೇ ನಮ್ಮ ಕಕ್ಷಿದಾರರು. ಅವರ ಫೈಲನ್ನು ಬೇರೆಯವರ ಮಾತಿನ ಮೇಲೆ ಮುಚ್ಚುವ ಪದ್ಧತಿ ನಮ್ಮಲ್ಲಿಲ್ಲ. ತಾವು ಕಳಿಸಿದ ಹಣವನ್ನು ಹಿಂದಿರುಗಿಸಲಾಗಿದೆ. ಕಕ್ಷಿದಾರರು ಹೊಸ ವಿಳಾಸ ಕೊಡುವವರೆಗೆ ಇಲ್ಲಿಗೆ ಯಾವ ಉತ್ತರವನ್ನೂ ಕಳಿಸುವುದಿಲ್ಲ.

ಒಂದು ಮಾತು: ತಮ್ಮ ರಿಟರ್ನುಗಳನ್ನು ತಾವಾಗಿಯೇ ತಿದ್ದಿಕೊಂಡರೆ ತಮಗೆ ತೊಂದರೆ ಬಹಳ ಕಡಿಮೆ. ಇದು ನಮ್ಮ ಕಕ್ಷಿದಾರರು ಕೇಳಿದ ಎರಡನೆಯ ಪ್ರಶ್ನೆಗೂ ಉತ್ತರ.

ವಿಶ್ವಾಸಿ,
ಮೇಜು ನಾಲ್ಕು


ಮಾರ್ಚ್ ೧೯

ಮೇಜು ನಾಲ್ಕು ಅವರೇ,

ಇದು ನನ್ನದೇ ವಿಳಾಸ, ನಿನ್ನೆ ಮಾಡಿಸಿಕೊಂಡದ್ದು. ಗುಪ್ತಪದ ನನ್ನ ತಲೆಯಲ್ಲಿದೆ, ಮರದ ತಲೆಗಳಿಗೂ ಹೇಳಿಲ್ಲ.

ನೀವು ನನಗೆ ಬರೆದದ್ದನ್ನೂ, ಅವನಿಗೆ ಬರೆದದ್ದನ್ನೂ ಅಣ್ಣ ಅಚ್ಚು ಹಾಕಿಸಿಕೊಂಡು ತಂದು ನನ್ನ ಮೇಜಿನ ಮೇಲೆ ಬಡಿದ. ನಾನು ಒಬ್ಬ ಟೀಚರಮ್ಮನ ವಿಗ್ಗಿಗೆ ಬೈತಲೆ ತೆಗೆಯುತ್ತಿದ್ದೆ. ಅತ್ಯಂತ ನಾಜೂಕಿನ ಜಾಗ ಅದು, ಕೈ ಅಲುಗಿದರೆ ಎಲ್ಲಾ ಬಿಚ್ಚಬೇಕು. ಅಲುಗಿತು.

“ನನ್ನ ಮೇಲೆ ಕಂಡೋರಿಗೆಲ್ಲ ದೂರು ಬರೀತೀಯಾ?”

“ದೂರಲ್ಲ ಅಣ್ಣಾ, ಪ್ರಶ್ನೆ.”

“ನಿನಗೇನು ಕಮ್ಮಿ ಮಾಡಿದೀನಿ ನಾನು?”

“ಏನೂ ಕಮ್ಮಿ ಮಾಡಿಲ್ಲ. ನನ್ನನ್ನೇ ಕಮ್ಮಿ ಮಾಡಿದೀಯ.”

ಅವನು ಹೊರಗೆ ಹೋಗಿ ಗೋಡೆಯ ಮೇಲಿದ್ದ ನನ್ನ ಬೋರ್ಡನ್ನು ಕಿತ್ತ. ನನ್ನ ಮನೆ, ನನ್ನ ಗೋಡೆ ಎಂದ. ನಾನು ಸುತ್ತಿಗೆ ತಂದು, ಮೊದಲಿಗಿಂತ ದಪ್ಪ ಮೊಳೆ ಹೊಡೆದು ಅಲ್ಲೇ ತೂಗುಹಾಕಿದೆ. ಎದುರುಮನೆಯವರು ಬಟ್ಟೆ ಒಣಹಾಕುವುದು ಬಿಟ್ಟು ನೋಡಿದರು. ಅವನು ಮತ್ತೆ ಕಿತ್ತ. ನಾನು ಮತ್ತೆ ಹೊಡೆದೆ. ಅವನು ಮೂರನೆಯ ಸಲ ಕಿತ್ತ. ಅಯ್ಯೋ ದೇವರೇ, ಇಬ್ಬರದೂ ವಯಸ್ಸೇನು, ನಾವು ಮಾಡಿದ್ದೇನು!

ಕೊನೆಗೆ ಅತ್ತಿಗೆ ಬಂದಳು. ಅತ್ತಿಗೆ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಇಬ್ರೂ ಬಾಯಿ ಮುಚ್ಚಿ. ರೀ, ಸ್ಟುಡಿಯೋ ದುಡ್ಡಲ್ಲಿ ಈ ಮನೆಗೆ ಒಂದು ಹಿಡಿ ಅಕ್ಕಿ ಬಂದು ಮೂರು ವರ್ಷ ಆಯ್ತು. ಯಾರ ದುಡ್ಡಲ್ಲಿ ಉಣ್ತಿದೀರಿ ಅಂತ ಒಂದು ದಿನಾನಾದ್ರೂ ಕೇಳಿದ್ರಾ?”

ಅಣ್ಣ ಕೈಯಲ್ಲಿದ್ದ ಬೋರ್ಡನ್ನು ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿ ಸ್ಟುಡಿಯೋಗೆ ಹೊರಟುಹೋದ. ದಿನಾ ಹೋಗುತ್ತಾನೆ. ಶಟರ್ ಎತ್ತಿ, ಗಾಜು ಒರೆಸಿ, ಕುರ್ಚಿಯಲ್ಲಿ ಕೂರುತ್ತಾನೆ. ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇರುವಾಗ ಅಲ್ಲಿಗೆ ಬರುವವರು ಯಾರು? ಸಂಜೆ ಬಂದು “ಇವತ್ತು ಪರವಾಗಿಲ್ಲ” ಎನ್ನುತ್ತಾನೆ. ನಾವಿಬ್ಬರೂ ಹೂಂ ಎನ್ನುತ್ತೇವೆ. ತಿಂಗಳ ಮೊದಲಲ್ಲಿ ನಾನು ಅತ್ತಿಗೆ ಕೈಗೆ ಮನೆಖರ್ಚು ಕೊಡುತ್ತೇನೆ, ಸ್ಟುಡಿಯೋ ಬಾಡಿಗೆಯನ್ನೂ ಕೊಡುತ್ತೇನೆ. ಅವಳು ಉಳಿತಾಯದ ದುಡ್ಡು ಎನ್ನುತ್ತಾಳೆ. ಅವನು ಕೇಳುವುದಿಲ್ಲ.

ಅವನು ನಿಮಗೆ ಬರೆದ ಪತ್ರವನ್ನೂ ಸ್ಟುಡಿಯೋದ ಇಮೇಲಿನಲ್ಲಿ ಓದಿದೆ. ನೆಂಟರ ಎದುರು ಅವನು ಹಾಗೆ ಅಂದದ್ದು ನಿಜ, ನಾನು ಬಾಗಿಲ ಹೊರಗೇ ನಿಂತಿದ್ದೆ. ಆವತ್ತು ಆ ಒಂದು ಮಾತಿಗೆ ಬದುಕಿದೆ. ಮೊದಲ ಎರಡು ವರ್ಷ ಆ ಸಾಲು ಸತ್ಯವಾಗಿಯೂ ಇತ್ತು. ಆಮೇಲೆ ನಾನು ಬೆಳೆದೆ, ಸಾಲು ಬೆಳೆಯಲಿಲ್ಲ. ಅದಕ್ಕೆ ನಾನು ಏನು ಮಾಡಲಿ? ಋಣ ಇದೆ ಎಂದು ಜೀವನಪೂರ್ತಿ ಇಲ್ಲದವಳ ಹಾಗೆ ಇರಲೇ? ಜಪ್ಪಯ್ಯ ಅಂದರೂ ಇರುವುದಿಲ್ಲ.

ಲೆಕ್ಕವೆಲ್ಲ ಲಗತ್ತಿಸಿದ್ದೇನೆ, ಮನೆಗೆ ಕೊಟ್ಟದ್ದೂ ಸೇರಿ. ಫಾರಂ ತುಂಬಿಸಿಕೊಡಿ.

ಇಂತಿ,
ವಿಗ್ ಮಾಡುವವಳು

ಬೋರ್ಡು ಈಗ ಗೋಡೆಯ ಮೇಲೇ ಇದೆ. ಅತ್ತಿಗೆಯೇ ಮೊಳೆ ಹಿಡಿದುಕೊಂಡಳು.


ಮಾರ್ಚ್ ೨೪

ಮಾನ್ಯರೇ,

ಲೆಕ್ಕಗಳು ಚೊಕ್ಕವಾಗಿವೆ. ರಿಟರ್ನುಗಳು ಸಿದ್ಧವಾಗಿವೆ. ಒಂದು ವಿಷಯ ಮಾತ್ರ ತಮ್ಮ ಒಪ್ಪಿಗೆಗೆ ಕಾದಿದೆ. ತಾವು ಇದನ್ನು ಕೇಳಿಲ್ಲ, ಆದರೆ ಹೇಳುವುದು ನನ್ನ ಕರ್ತವ್ಯ.

ಒಂದೇ ಮನೆಯಲ್ಲಿರುವ ಹತ್ತಿರದ ಬಂಧುವಿಗೆ ಸ್ವಂತ ಆದಾಯವಿಲ್ಲದೆ, ಆತನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಬ್ಬರು ಭರಿಸುತ್ತಿದ್ದರೆ, ಭರಿಸುವವರು ಆತನನ್ನು ಅವಲಂಬಿತನೆಂದು ತೋರಿಸಿ ರಿಯಾಯಿತಿ ಪಡೆಯಬಹುದು. ತಾವು ಕಳಿಸಿದ ಲೆಕ್ಕದ ಪ್ರಕಾರ, ಕಳೆದ ಮೂರು ವರ್ಷಗಳಿಂದ ತಮ್ಮ ಮನೆಯಲ್ಲಿ ಆ ಹಕ್ಕು ಇರುವುದು ತಮ್ಮ ಅಣ್ಣನವರಿಗಲ್ಲ. ತಮಗೆ. ಅವಲಂಬಿತರ ಸಾಲಿನಲ್ಲಿ ಬರೆಯಬೇಕಾದದ್ದು ಅವರ ಹೆಸರು ಮತ್ತು ತಮ್ಮ ಅತ್ತಿಗೆಯವರ ಹೆಸರು.

ಹಾಗೆ ಬರೆದರೆ ತಾವು ಕಟ್ಟಬೇಕಾದ ಬಾಕಿಯಲ್ಲಿ ಬಹುಪಾಲು ಇಳಿಯುತ್ತದೆ. ಇದು ಪೂರ್ತಿ ಕಾನೂನುಬದ್ಧ. ಬರೆಯಲೇ?

ಈ ಉತ್ತರಕ್ಕೆ ಶುಲ್ಕವಿಲ್ಲ. ತಮ್ಮ ಭುಜ ಹೇಗಿದೆ?

ವಿಶ್ವಾಸಿ,
ಮೇಜು ನಾಲ್ಕು


ಏಪ್ರಿಲ್ ೨

ಮಾನ್ಯರೇ,

ತಮ್ಮಿಂದ ಉತ್ತರ ಬಂದಿಲ್ಲ. ಪ್ರಮಾಣಪತ್ರ ಏಪ್ರಿಲ್ ಮುಗಿಯುವುದರೊಳಗೆ ಕೈಗೆ ಸಿಗಬೇಕಾದರೆ ಇನ್ನು ತಡಮಾಡುವಂತಿಲ್ಲ. ಅವಲಂಬಿತರ ಸಾಲೊಂದೇ ಬಾಕಿ. ‘ಬರೆಯಿರಿ’ ಎಂದು ಒಂದು ಪದ ಕಳಿಸಿದರೂ ಸಾಕು.

ವಿಶ್ವಾಸಿ,
ಮೇಜು ನಾಲ್ಕು


ಏಪ್ರಿಲ್ ೫

ಮೇಜು ನಾಲ್ಕು ಅವರಿಗೆ,

ನಾನು ಸ್ಟುಡಿಯೋ ಮಾಲೀಕ. ಈ ಸಲ ನನ್ನದೇ ಪ್ರಶ್ನೆ, ಶುಲ್ಕ ಕಟ್ಟಿದ್ದೇನೆ.

ತಂಗಿ ನನಗೆ ಏನೂ ಹೇಳಲಿಲ್ಲ. ನಿಮ್ಮ ಉತ್ತರ ಓದಿದ ದಿನದಿಂದ ಅವಳು ಊಟಕ್ಕೆ ಒಳಗೆ ಬರುತ್ತಿಲ್ಲ, ತಟ್ಟೆಯನ್ನು ಕೋಣೆಗೇ ತರಿಸಿಕೊಳ್ಳುತ್ತಾಳೆ. ನನ್ನ ಹೆಂಡತಿ ಗದರಿಸಿ ಕೇಳಿ ವಿಷಯ ತಿಳಿದುಕೊಂಡಳು, ನನಗೆ ಹೇಳಿದಳು.

ಎರಡು ದಿನ ಸ್ಟುಡಿಯೋ ಶಟರ್ ಎತ್ತಲಿಲ್ಲ. ಯಾರೂ ಬಂದು ಕೇಳಲೂ ಇಲ್ಲ. ಆಮೇಲೆ ಲೆಕ್ಕ ಬರೆಯುವವರ ಹತ್ತಿರ ಹೋಗಿ ನನ್ನ ರಿಟರ್ನುಗಳನ್ನೆಲ್ಲ ತಿದ್ದಿಸಿದೆ. ಅವಳ ದುಡಿಮೆಯನ್ನು ತೆಗೆದ ಮೇಲೆ ನನ್ನ ಸ್ಟುಡಿಯೋ ಆದಾಯ ಎಷ್ಟು ಉಳಿಯಿತು ಎಂದು ನಿಮಗೆ ಬರೆಯಲಾರೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

ತಂಗಿಗೆ ನ್ಯಾಯವಾಗಿ ಸಿಗಬೇಕಾದ ರಿಯಾಯಿತಿ ನನ್ನ ಮರ್ಯಾದೆಗಾಗಿ ತಪ್ಪಬಾರದು. ನನ್ನ ಹೆಸರು ಬರೆಸಿಬಿಡಿ. ನನ್ನ ಪ್ರಶ್ನೆ: ಅವಲಂಬಿತನು ಎಲ್ಲಿ ಸಹಿ ಹಾಕಬೇಕು?

ಇತಿ,
ಸ್ಟುಡಿಯೋ ಮಾಲೀಕ


ಏಪ್ರಿಲ್ ೬

ಮಾನ್ಯರೇ,

ಆ ಸಾಲಿಗೆ ಅವಲಂಬಿತರ ಸಹಿಯಾಗಲಿ, ಒಪ್ಪಿಗೆಯಾಗಲಿ ಬೇಕಿಲ್ಲ.

ವಿಶ್ವಾಸಿ,
ಮೇಜು ನಾಲ್ಕು


ಏಪ್ರಿಲ್ ೮

ಮೇಜು ನಾಲ್ಕು ಅವರೇ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬೇಜಾರಾಗಬೇಡಿ. ಸುಳ್ಳು ಹೇಳುವುದಿಲ್ಲ, ನಿಮ್ಮ ಉತ್ತರ ಓದಿದ ದಿನ ನನಗೆ ಖುಷಿಯಾಯಿತು. ಅಂಥಿಂಥ ಖುಷಿಯಲ್ಲ, ಹೊಟ್ಟೆ ತಣ್ಣಗಾಗುವ ಖುಷಿ. ಬರೆಯಿರಿ, ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದು ಟೈಪು ಮಾಡಿದೆ. ಕಳಿಸುವುದಕ್ಕೆ ಬೆರಳು ಏಳಲಿಲ್ಲ. ಅಳಿಸಿದೆ. ಮಾರನೆಯ ದಿನ ಮತ್ತೆ ಟೈಪು ಮಾಡಿದೆ.

ದುಡ್ಡಿನ ಆಸೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಮುಖ್ಯರಸ್ತೆಯಲ್ಲಿ ಒಂದು ಅಂಗಡಿ ಖಾಲಿ ಇದೆ. ಒಳ್ಳೆಯ ಬೆಳಕು, ಕೂದಲಿಲ್ಲದ ಹೆಂಗಸರು ಬೀದಿಯವರ ಕಣ್ಣಿಗೆ ಬೀಳದೆ ಒಳಗೆ ಬರಲು ಪಕ್ಕದಲ್ಲೊಂದು ಬಾಗಿಲು. ನೀವು ಹೇಳಿದ ರಿಯಾಯಿತಿ ಸಿಕ್ಕಿದರೆ ಅದರ ಮುಂಗಡಕ್ಕೆ ಸರಿಹೋಗುತ್ತಿತ್ತು. ಅಳತೆ ಕೂಡ ತೆಗೆದುಕೊಂಡು ಬಂದಿದ್ದೆ.

ಮೊನ್ನೆ ಅಣ್ಣ ನನ್ನ ಕೋಣೆಗೆ ಬಂದ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ಕನ್ನಡಿ ಎದುರಿಗೇ ಇತ್ತು, ಅದರ ಕಡೆ ನೋಡಲಿಲ್ಲ.

“ನನ್ನ ಸಹಿ ಕೂಡ ಬೇಡವಂತೆ ಪುಟ್ಟಿ” ಎಂದ.

“ಗೊತ್ತು. ನನ್ನದನ್ನೂ ಯಾರೂ ಕೇಳಿರಲಿಲ್ಲ.”

“ಹೂಂ.” ಮೇಜಿನ ಮೇಲಿದ್ದ ನನ್ನ ಕೊಕ್ಕೆ ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟ. ಆಮೇಲೆ, “ಬರೆಸ್ಕೋ. ಕಾನೂನಿದೆ. ನಾನು ಏನೂ ಅಂದ್ಕೊಳ್ಳಲ್ಲ” ಎಂದ.

ನಾನು ಅವನ ಮುಖ ನೋಡಿದೆ, ಮೇಜು ನಾಲ್ಕು ಅವರೇ. ಅದು ತೆರಿಗೆ ಕಚೇರಿಯ ಕೌಂಟರಿನಲ್ಲಿ ನಿಂತಿದ್ದ ನನ್ನ ಮುಖ. ನನಗೆ ಆವತ್ತು ಏನಾಗಿತ್ತೋ ಅದೇ ಇವನಿಗೆ ಆಗುತ್ತಿದೆ, ಅದೂ ನನ್ನ ಕೈಯಿಂದ. ಸಾಲಿನಲ್ಲಿ ನಿಂತ ಯಾವನೋ ಒಬ್ಬ ನನ್ನ ಅಣ್ಣನನ್ನು ನೋಡಿ “ಪಾಪ” ಎನ್ನುತ್ತಾನೆ. ಎನ್ನುವುದಕ್ಕೆ ಅವನು ಯಾರು?

“ಆಗಲ್ಲ” ಎಂದೆ.

“ಮತ್ತೆ ಅಷ್ಟು ದುಡ್ಡು ಸುಮ್ಮನೆ ಕಟ್ತೀಯಾ? ತಲೆ ಕೆಟ್ಟಿದೆಯಾ?”

“ಕೆಟ್ಟಿದೆ. ಕಟ್ತೀನಿ.”

“ನನ್ನ ಮೇಲೆ ಕನಿಕರ ತೋರಿಸ್ಬೇಡ ಪುಟ್ಟಿ.”

“ಕನಿಕರ ಅಂತೆ! ನಿನ್ನ ಮೇಲಿನ ಸಿಟ್ಟು ಇನ್ನೂ ಒಂದು ಗುಂಜಿಯೂ ಇಳಿದಿಲ್ಲ. ಕೂಡಿ ಉಣ್ಣೋಣ, ಜಗಳ ಆಡೋಣ, ಬೋರ್ಡ್ ಕೀಳು, ಮತ್ತೆ ಹೊಡಿತೀನಿ. ಆದ್ರೆ ಈ ಮನೇಲಿ ಒಬ್ಬರನ್ನೊಬ್ಬರು ಆ ಸಾಲಲ್ಲಿ ಬರಿಯೋದು ನೀನು ಬರೆದದ್ದಕ್ಕೇ ಮುಗೀತು.”

ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅತ್ತಿಗೆ ಅಡುಗೆಮನೆಯಿಂದ, “ಮೂರು ತಟ್ಟೆ ಹಾಕಿದೀನಿ, ಬಾರೇ” ಎಂದು ಕೂಗಿದಳು. ಹೋದೆ. ಅನ್ನ ಸ್ವಲ್ಪ ಮುದ್ದೆಯಾಗಿತ್ತು.

ಅತ್ತಿಗೆಯ ಹೆಸರೂ ಬೇಡ. ಈ ಮನೆಯಲ್ಲಿ ಅವಳಷ್ಟು ದುಡಿಯುವವರು ಇನ್ನೊಬ್ಬರಿಲ್ಲ. ಅವಳನ್ನು ನನ್ನ ಅವಲಂಬಿತೆ ಎಂದು ಬರೆದರೆ ನಾಳೆಯಿಂದ ನನ್ನ ಬಾಯಿಗೆ ತುತ್ತು ಇಳಿಯುವುದಿಲ್ಲ.

ಆದ್ದರಿಂದ ಆ ಸಾಲನ್ನು ಖಾಲಿ ಬಿಡಿ. ಬಾಕಿ ಪೂರ್ತಿ, ಬಡ್ಡಿ ಪೂರ್ತಿ, ಎಲ್ಲಾ ನನ್ನ ಹೆಸರಿನಲ್ಲಿ. ಅಂಗಡಿ ಆಮೇಲೆ ನೋಡಿಕೊಳ್ಳೋಣ. ಆಸ್ಪತ್ರೆಯ ಹೆಂಗಸರು ಸದ್ಯಕ್ಕೆ ಇದೇ ಕೋಣೆಗೆ ಬರುತ್ತಾರೆ, ಪರದೆ ಹೊಲಿಸಿದ್ದೇನೆ.

ನಿಮಗೆ ಇದು ಸರಿಕಾಣದಿರಬಹುದು. ಸಿಗುವ ರಿಯಾಯಿತಿಯನ್ನು ಬಿಟ್ಟುಕೊಡುವವರಿಗೆ ಬುದ್ಧಿ ಹೇಳುವುದು ನಿಮ್ಮ ಕೆಲಸ. ಹೇಳಿದ್ದೀರಿ, ನಿಮ್ಮ ಕೆಲಸ ಮುಗಿಯಿತು. ಇಲಾಖೆಯವರು ಯಾರಾದರೂ ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟು, ಈ ಹೆಂಗಸಿಗೆ ತನ್ನ ಹಕ್ಕು ಗೊತ್ತಿಲ್ಲವೇ ಎಂದು ಕೇಳಿದರೆ, ಗೊತ್ತಿದೆ, ಬೇಡ ಅಂದಳು ಎಂದು ಹೇಳಿ.

ಇಂತಿ,
ವಿಗ್ ಮಾಡುವವಳು